ಗಣಪತಿಯ ಹಿಂದಿನ ಕೆಂಪು ದೀಪ

ಹಳೆಯ ಕಾರು ಇಟ್ಟುಕೊಂಡವರು ನಾಸ್ತಿಕರಾಗಿರುವುದು ಕಷ್ಟ. ಬೆಳಿಗ್ಗೆ ಕೀಲಿ ತಿರುಗಿಸುವಾಗ ಯಾವುದಾದರೊಂದು ದೇವರ ಹೆಸರು ಬಾಯಿಗೆ ಬಂದೇ ಬರುತ್ತದೆ. ನನಗೂ ನನ್ನ ಕಾರಿಗೂ ವಯಸ್ಸಾಗಿದೆ. ಇಬ್ಬರೂ ಚಳಿಗೆ ಕೆಮ್ಮುತ್ತೇವೆ, ಏರು ಕಂಡರೆ ಏದುಸಿರು ಬಿಡುತ್ತೇವೆ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ದಿನಾ ನನ್ನನ್ನು ಕೆಲಸಕ್ಕೆ ಹೊತ್ತೊಯ್ಯುವ ಈ ಗಾಡಿಯ ಮೇಲೆ ನನಗೆ ಅತೀವ ಪ್ರೀತಿ. ನನ್ನ ಹೆಂಡತಿ ಸರೋಜಳಿಗೆ ಅದಿರಲಿಲ್ಲ. ‘ಇನ್ನೊಂದ್ ಸಲ ದಾರೀಲಿ ನಿಂತ್ರೆ ಮಾರೇಬಿಡ್ರಿ’ ಎಂದು ತೀರ್ಪು ಕೊಟ್ಟಾಗಿತ್ತು.

ಆದರೂ ಆಯುಧಪೂಜೆಯ ದಿನ ಅವಳೇ ಒಂದು ಪುಟ್ಟ ಗಣಪತಿಯನ್ನು ತಂದು ಮೀಟರುಗಳ ಮುಂದಿನ ಅಂಚಿಗೆ ಅಂಟಿಸಿದಳು. ಓಡಿಸುವವರ ಕಣ್ಣೆದುರಿಗೇ ದೇವರಿರಬೇಕಂತೆ. ಗಣಪತಿಯ ಹೊಟ್ಟೆ ನಿಮಗೆ ಗೊತ್ತೇ ಇದೆ. ಅದರ ಹಿಂದೆ ಏನಿದೆಯೆಂಬುದು ನನಗೆ ಕಾಣದಾಯಿತು.

ಕೆಲವು ತಿಂಗಳಾದ ಮೇಲೆ ಸರೋಜ ಮಾರುವ ಮಾತೆತ್ತುವುದನ್ನೇ ಬಿಟ್ಟಳು. ಕಾರು ಹತ್ತಿದ ಕೂಡಲೇ ಕೈ ಮುಗಿಯತೊಡಗಿದಳು. ಮತ್ತೋಡಿನ ತವರಿಗೆ ಬಸ್ಸು ಬೇಡ, ಕಾರಲ್ಲೇ ಹೋಗಾಣ ಅಂದಳು. ಇದೆಲ್ಲ ನನ್ನ ಡ್ರೈವಿಂಗಿನ ಪ್ರಭಾವ ಎಂದು ನಾನು ಒಳಗೊಳಗೇ ಬೀಗಿದೆ.

ತವರಿನಿಂದ ವಾಪಸ್ಸು ಬರುವಾಗ ಹೊಸದುರ್ಗ ದಾಟುತ್ತಿದ್ದಂತೆ ಇಂಜಿನ್ನು ಕಟಕಟ ಎಂದಿತು. ಹೆದರಿ ನಿಲ್ಲಿಸಿದೆ. ದಾರಿಯಲ್ಲಿ ನಿಂತದ್ದಾಯಿತು, ಗಾಡಿಯ ಋಣ ತೀರಿತು ಅಂದುಕೊಂಡು, ಮುಖ ಸಣ್ಣದು ಮಾಡಿಕೊಂಡು ಅದನ್ನು ಎಳೆಸಿಕೊಂಡು ಹೊಳಲ್ಕೆರೆಯ ಮೆಕ್ಯಾನಿಕ್ ಖಲೀಲನ ಶೆಡ್ಡಿಗೆ ತಂದೆ.

‘ಆಯಿಲ್ ಬೇಕಾದಷ್ಟು ಐತೆ ಸಾರ್. ಅದನ್ನ ಇಂಜಿನ್‌ಗೆ ತಳ್ಳೋ ಪಂಪು ಸವೆದೈತೆ. ಬದಲಾಯಿಸ್ಬೇಕು. ಕೆಂಪು ದೀಪ ಹತ್ತಿರ್ಬೇಕಲ್ಲ, ನೋಡ್ಲಿಲ್ವಾ?’ ಎಂದ ಖಲೀಲ.

‘ಯಾವ ದೀಪ?’ ಎಂದು ಗತ್ತಿನಿಂದಲೇ ಕೇಳಿದೆ.

‘ಅದೇ ರೀ, ಗಣಪ್ಪನ ಹಿಂದ್ಲದ್ದು, ನನ್ ಸೀಟಿಗ್ ಕಾಣ್ತಿತ್ತಲ್ಲ,’ ಎಂದಳು ಸರೋಜ. ‘ಗುಡಿ ಹತ್ರ ನಿಧಾನ ಮಾಡಿದ್ರೆ ತಾನೇ ಹತ್ಕಂತಿತ್ತು. ನನಗ್ ಹೇಳ್ದೇನೆ ಇವ್ರು ಎಷ್ಟ್ ಚೆಂದ ಮಾಡ್ಸಿದಾರೆ ಅನ್ಕಂಡಿದ್ದೆ.’

‘ಗಾಡಿ ನಿಧಾನ ಆದ್ರೆ ಆಯಿಲ್ ಒತ್ತಡ ಕಮ್ಮಿ ಆಗ್ತೈತೆ ಅಕ್ಕಾ, ಅದ್ಕೆ ಹತ್ತೋದು,’ ಎಂದ ಖಲೀಲ, ನಗು ಮುಚ್ಚಿಕೊಳ್ಳಲು ಬಾನೆಟ್ಟಿನೊಳಗೆ ತಲೆ ತೂರಿಸಿ.

ನನಗೆ ನಗು ಬರಲಿಲ್ಲ. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ನನ್ನನ್ನು ಮನಸಾರೆ ಮೆಚ್ಚಿಕೊಂಡದ್ದು ನಾನು ಮಾಡಿಸದ ಈ ದೀಪವೊಂದಕ್ಕೇ ಎಂದು ತಿಳಿದು ಸಂಕಟವಾಯಿತು, ಸಂತೋಷವೂ ಆಯಿತು.

ಅಂಥ ಪಂಪು ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಹಿರಿಯೂರಿನ ಗುಜರಿಯೊಂದರಲ್ಲಿ ಹುಡುಕಿ ಹಿಡಿದು, ಹಳೇ ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ನನ್ನ ಪ್ಯಾಂಟು ಇನ್ನೂ ಅದರ ಗುರುತು ಹೊತ್ತಿದೆ. ಖಲೀಲ ಇಂಜಿನ್ನಿನ ತಳ ಬಿಚ್ಚಿ, ತೊಳೆದು, ಪಂಪು ಕೂರಿಸಿ ಸ್ಟಾರ್ಟ್ ಮಾಡಿದ. ಕಟಕಟ ನಿಂತಿತು. ಸರೋಜ ಹತ್ತಿ ಕೂತಳು. ಮುಗಿಯಲು ಹೋದ ಕೈ ಅರ್ಧಕ್ಕೇ ನಿಂತಿತು.

‘ದೀಪ ಎಲ್ಲಿ?’

‘ರಿಪೇರಿ ಆಯ್ತಲ್ಲ, ಅದ್ಕೇ ಆರೈತೆ. ಆರಿದ್ರೇ ಒಳ್ಳೇದು,’ ಎಂದೆ.

‘ದೇವರ ದೀಪ ಆರಿದ್ರೆ ಒಳ್ಳೇದಾ? ಹಂಗಾದ್ರೆ ಈ ಗಾಡಿ ಬ್ಯಾಡ, ಮಾರ್ರಿ.’

ನಾನು ಖಲೀಲನ ಮುಖ ನೋಡಿದೆ. ‘ಆಯಿಲ್ ದೀಪ ನಿಮಗೂ ಕಾಣೋ ಹಂಗೆ ದೇವರನ್ನ ಒಂಚೂರು ಪಕ್ಕಕ್ಕೆ ಸರಿಸಿ, ಒಂದು ಬಲ್ಬ್ ಹಾಕ್ಬಿಡಾಣ ಸಾರ್. ಗಾಡೀನಾದ್ರೂ ಉಳೀತೈತೆ,’ ಎಂದ. ಬಲ್ಬಿಗೆ ಸರೋಜ ಒಪ್ಪಿದಳು. ಕೂತ ದೇವರನ್ನು ಎಬ್ಬಿಸಲು ಮಾತ್ರ ಒಪ್ಪಲಿಲ್ಲ.

ಹೀಗೆ ನನ್ನ ಕಾರು ಉಳಿಯಿತು. ಗಣಪತಿಯ ಹಿಂದೆ ಕೆಂಪು ಬಲ್ಬು ಸದಾ ಬೆಳಗುತ್ತದೆ. ಅದರ ಪಕ್ಕದ ನಿಜವಾದ ದೀಪ ಹತ್ತಿದೆಯೋ ಇಲ್ಲವೋ ಕಾಣಿಸುವುದು ಸರೋಜಳಿಗೆ ಮಾತ್ರ. ಅದಕ್ಕೇ ಗುಡಿಯ ಹತ್ತಿರ ನಿಧಾನ ಮಾಡಿದಾಗಲೆಲ್ಲ, ‘ಒಂದೈತಾ ಎರಡೈತಾ, ನೋಡೇ’ ಎಂದು ಕೇಳುತ್ತೇನೆ. ಅವಳು ಕಣ್ಣು ಮುಚ್ಚಿ ಕೈ ಮುಗಿದಿರುತ್ತಾಳೆ. ಬೇರೆ ದಾರಿ ಕಾಣದೆ ನಾನೂ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಎದೆಗೆ ಮುಟ್ಟಿಸಿಕೊಳ್ಳುತ್ತೇನೆ.