ಅತ್ತೆಯ ಒಂಬತ್ತನೇ ಕಾಲಂ

ನಮ್ಮ ಅತ್ತೆಯ ಮುಂದೆ ಸಾಕ್ಷಾತ್ ಶಿವನೇ ಬಂದು ನಿಂತು "ಏನು ವರ ಬೇಕು ಕೇಳು" ಎಂದರೂ ಅವಳು ಮೊದಲು ಕೇಳುವುದು "ನೀನು ಕೆಲಸ ಮಾಡೋದು ಎಲ್ಲಿ? ಎಲ್ಲಾ ಕಡೆ ಅನ್ಬೇಡ, ಒಂದು ಜಾಗ ಹೇಳು" ಎಂದೇ. ಬೇಕಾದರೆ ಪಂಥ ಕಟ್ಟುತ್ತೇನೆ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ, ವಿನೋಬನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯ ಟೆಂಡರ್ ಸೆಕ್ಷನ್ನಿನಲ್ಲಿ ಕ್ಲಾರ್ಕು. ಹಾಸ್ಟೆಲ್ಲಿಗೆ ಮಂಚವಾಗಲಿ, ಶಾಲೆಗೆ ಬೆಂಚಾಗಲಿ, ಟೆಂಡರ್ ಹಾಕುವವರು ಒಂದು ನಮೂನೆ ತುಂಬಬೇಕು. ಅದರ ಒಂಬತ್ತನೇ ಕಾಲಂ, "ಕೆಲಸ ನಿಜವಾಗಿ ನಡೆಯುವ ಸ್ಥಳ". ಲೋಕದ ಗುತ್ತಿಗೆದಾರರೆಲ್ಲ ಅಲ್ಲಿ "ಮೇಲಿನಂತೆ" ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಲೋಕದ ಕ್ಲಾರ್ಕುಗಳೆಲ್ಲ ಕಣ್ಣು ಮುಚ್ಚಿ ಸೀಲು ಹೊಡೆಯುತ್ತಾರೆ. ನಮ್ಮ ಅತ್ತೆ? ಹೋಗಿ ನೋಡುತ್ತಾಳೆ! ಪರಿಶೀಲನೆಗೆ ಸಾಹೇಬರ ಅನುಮತಿ ಇದೆ, ಜೀಪು ಮಾತ್ರ ಇಲ್ಲ. ಅತ್ತೆಗೆ ಸ್ಕೂಟರ್ ಓಡಿಸಲು ಬಾರದು. ಹೀಗಾಗಿ ಸರ್ಕಾರದ ಸಂಬಳವಿಲ್ಲದ ಡ್ರೈವರ್ ನಾನು.

ಒಮ್ಮೆ ಆಯನೂರಿಗೆ ಹೋದೆವು. ಬೆಂಚು ಮಾಡಿಕೊಡುತ್ತೇನೆಂದು ಒಬ್ಬರು ಟೆಂಡರ್ ಹಾಕಿದ್ದರು. ಕೊಟ್ಟ ವಿಳಾಸದಲ್ಲಿ ಮರವಿಲ್ಲ, ಗರಗಸವಿಲ್ಲ. ಎರಡು ಎಮ್ಮೆಗಳು ಮೆಲುಕು ಹಾಕುತ್ತಾ ನಿಂತಿದ್ದವು.

"ಇದು ಕೊಟ್ಟಿಗೆ ಅಲ್ವೇನ್ರೀ?"

"ಹೌದು ಮೇಡಂ. ಟೆಂಡರ್ ಸಿಕ್ಕಿದ್ರೆ ಎಮ್ಮೆ ಶಿಫ್ಟ್ ಮಾಡ್ತೀವಿ."

"ಎಲ್ಲಿಗೆ?" ಎಂದಳು ಅತ್ತೆ, ಪೆನ್ನಿನ ಕ್ಯಾಪು ತೆಗೆದು. ಎಮ್ಮೆಗಳ ಹೊಸ ವಿಳಾಸ ಬರೆದುಕೊಳ್ಳದೆ ಅವಳು ಅಲ್ಲಿಂದ ಕದಲಲಿಲ್ಲ.

ಈ ಹುಚ್ಚು ಕಚೇರಿಯಲ್ಲೇ ಉಳಿದಿದ್ದರೆ ನಾನು ಬಡಪಾಯಿ ಹೇಗೋ ಬದುಕಿಕೊಳ್ಳುತ್ತಿದ್ದೆ! ನನ್ನನ್ನು ನೋಡಲು ಬಂದ ಗಂಡು ಉಪ್ಪಿಟ್ಟು ಬಾಯಿಗಿಡುವ ಮೊದಲೇ ಅತ್ತೆಯ ಪ್ರಶ್ನೆ ಬಂತು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕೆಲಸ ಎಂದ ಪಾಪ. ಯಾವ ಬಿಲ್ಡಿಂಗು, ಎಷ್ಟನೇ ಮಹಡಿ, ಕುರ್ಚಿ ಯಾವ ಕಿಟಕಿಯ ಪಕ್ಕ? ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ನೋಡಿಬಂದಳು. "ಹುಡ್ಗ ಸುಳ್ಳು ಹೇಳಿಲ್ಲ. ಅದೇ ಬಿಲ್ಡಿಂಗು, ಅದೇ ಕುರ್ಚಿ. ಆದ್ರೆ ನಿದ್ದೆ ಮಾಡ್ತಿದ್ದ" ಎಂದಳು. ಸಂಬಂಧ ಅಲ್ಲಿಗೆ ಮುಗಿಯಿತು.

ನಾನು ಚಪ್ಪಲಿ ಮೆಟ್ಟಿದರೆ ಸಾಕು, ಅಡುಗೆಮನೆಯಿಂದ "ಎಲ್ಲಿಗೆ?" ಎಂಬ ಕೂಗು.

"ಇಲ್ಲೇ."

"ಇಲ್ಲೇ ಅನ್ನೋ ಊರು ಯಾವ ತಾಲ್ಲೂಕಲ್ಲಿದೆ?"

ಮನೆಮಂದಿಯೆಲ್ಲ ನಗುತ್ತಾರೆ. ಅಪ್ಪ ಮಾತ್ರ ನಗುವುದಿಲ್ಲ. ಕುಂಟುವ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು "ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗು ಮಾರಾಯ್ತಿ" ಎನ್ನುತ್ತಾರೆ.

ಈಚೆಗೆ ಹಾಸ್ಟೆಲ್ ಮಕ್ಕಳ ಯೂನಿಫಾರಂ ಹೊಲಿಯುವ ಟೆಂಡರ್ ಬಂತು. ಹಾಕಿದವರಲ್ಲಿ ಭದ್ರಾವತಿಯ ಎಂಟು ಹೆಂಗಸರ ಒಂದು ಗುಂಪೂ ಇತ್ತು. ಅವರು ಕೊಟ್ಟ ಸ್ಥಳ ಶಿವಮೊಗ್ಗ ಪೇಟೆಯದು. ನಾನೂ ಅತ್ತೆಯೂ ಹೋಗಿ ನೋಡಿದರೆ ಅದೊಂದು ಜೆರಾಕ್ಸ್ ಅಂಗಡಿ! ಹೊಲಿಗೆ ಮೆಷಿನ್ ಹಾಳಾಗಲಿ, ಒಂದು ಸೂಜಿಯೂ ಇರಲಿಲ್ಲ. ಸ್ಥಳ ಸುಳ್ಳಾದರೆ ಅರ್ಜಿ ತಿರಸ್ಕೃತ. ಆದರೆ ದರದ ಲಕೋಟೆ ತೆರೆಯುವ ಮೊದಲು ಒಂಬತ್ತನೇ ಕಾಲಂ ತಿದ್ದಲು ಎಲ್ಲರಿಗೂ ಒಂದು ಅವಕಾಶವಿತ್ತು, ಹಾಗೆಂದು ನೋಟಿಸೂ ಹೋಗಿತ್ತು. ಎಲ್ಲಿಗೆ? ಅದೇ ಜೆರಾಕ್ಸ್ ಅಂಗಡಿಗೆ! ಅಲ್ಲಿ ಅದು ಒಡೆಯದೆ ಬಿದ್ದಿತ್ತು. ಗಡುವು ಅವತ್ತೇ ಸಂಜೆ ಐದಕ್ಕೆ.

"ಬಿಟ್ಹಾಕಿ ಮೇಡಂ, ನೋಟಿಸ್ ಹೋಗಿದೆಯಲ್ಲ" ಎಂದರು ಸಾಹೇಬರು, ಕಚೇರಿಗೆ ವಾಪಸ್ ಹೋಗಿ ಹೇಳಿದಾಗ.

"ಹೋಗಿದೆ ಸಾರ್. ಅವ್ರ ಹತ್ರ ಹೋಗಿಲ್ಲ" ಎಂದ ಅತ್ತೆ ಅರ್ಧ ದಿನ ರಜೆ ಬರೆದಿಟ್ಟು ನನ್ನ ಹಿಂದೆ ಹತ್ತಿ ಕೂತಳು.

ಭದ್ರಾವತಿಯಲ್ಲಿ ಕೇಳಿ ಕೇಳಿ ಕೊನೆಗೂ ಗುಂಪಿನ ಮುಖ್ಯಸ್ಥೆ ಸೆಲ್ವಿಯ ಮನೆ ಸಿಕ್ಕಿತು. ವಿಷಯ ಕೇಳಿ ಆಕೆಯ ಮುಖ ಬಿಳಿಚಿಕೊಂಡಿತು. "ಮನೆಯೋರ ಫ್ಯಾಕ್ಟ್ರಿ ಕೆಲ್ಸ ಹೋದ್ಮೇಲೆ ಎಂಟು ಮನೆನೂ ಈ ಮೆಷಿನ್ ಮೇಲೇ ನಡೀತಿರೋದು ಮೇಡಂ. ಇದು ಸಿಕ್ರೆ ವರ್ಷಪೂರ್ತಿ ಹೊಲಿಗೆ. ಆದ್ರೆ ಅಡುಗೆಮನೇಲಿ ಹೊಲಿತೀವಿ ಅಂತ ಬರೆದ್ರೆ ಯಾರು ಕೊಡ್ತಾರೆ? ಫಾರಂ ತುಂಬಿಕೊಟ್ಟ ಅಂಗಡಿಯೋನು, ನನ್ನ ವಿಳಾಸ ಇರ್ಲಿ, ಮರ್ಯಾದೆಯಾಗಿ ಕಾಣತ್ತೆ ಅಂದ."

"ಅಡುಗೆಮನೆಗೆ ಏನ್ರೀ ಕಮ್ಮಿ ಮರ್ಯಾದೆ? ಅಡುಗೆಮನೆ ಅಂತ್ಲೇ ಬರೀರಿ."

"ಎಂಟು ಮನೆ ಮೇಡಂ. ಕಾಲಂನಲ್ಲಿ ಒಂದೇ ಗೆರೆ."

"ಗೆರೆ ಸಾಲ್ದಿದ್ರೆ ಹಾಳೆ ಲಗತ್ತಿಸಿ!"

ಎಂಟೂ ಮನೆ ನೋಡಿದಳು. ಎಂಟೂ ಕಡೆ ಮೆಷಿನ್ ಒಲೆಯಿಂದ ಎಷ್ಟು ದೂರ, ಬೆಳಕು ಎಲ್ಲಿಂದ ಬರುತ್ತದೆ ಎಂದು ಬರೆದುಕೊಂಡಳು. ಎಂಟೂ ಕಡೆ ಕಾಫಿ ಕೊಟ್ಟರು. ರಜೆ ಹಾಕಿದ್ದರೂ ಇದು ಡ್ಯೂಟಿಯೇ, ಡ್ಯೂಟಿಯಲ್ಲಿ ಏನೂ ಕುಡಿಯಬಾರದೆಂದು ಅತ್ತೆ ಎಲ್ಲವನ್ನೂ ನನ್ನ ಕಡೆ ತಳ್ಳಿದಳು! ನಮ್ಮ ಸ್ಕೂಟರಿನ ಹಿಂದೆ ಆಟೋದಲ್ಲಿ ಬಂದ ಸೆಲ್ವಿ ಐದಕ್ಕೆ ಹತ್ತು ನಿಮಿಷ ಇರುವಾಗ ಹಾಳೆ ಕೊಟ್ಟು ಸಹಿ ಹಾಕಿದಳು.

"ಎಂಟು ಅಡುಗೆಮನೆ? ಇದೇನ್ ಮೇಡಂ, ಹೋಟೆಲ್ ಟೆಂಡರಾ?" ಎಂದು ಗೊಣಗುತ್ತಲೇ ಸಾಹೇಬರು ಒಪ್ಪಿದರು. ಮುಂದಿನ ವಾರ ಲಕೋಟೆ ತೆರೆದಾಗ ಕೆಲಸ ಆ ಎಂಟು ಅಡುಗೆಮನೆಗಳಿಗೇ ಸಿಕ್ಕಿತು. ಆದರೆ ಅವತ್ತು ಸಂಜೆ ಮನೆಗೆ ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಎಂಟು ಕಾಫಿ ಕುಡಿದವಳಿಗೆ ಸಮಾಧಾನ ಎಲ್ಲಿಂದ ಬರಬೇಕು?

"ಅಪ್ಪಾ, ನಿಮ್ಮಕ್ಕನಿಗೆ ಪೂರ್ತಿ ತಲೆಕೆಟ್ಟಿದೆ" ಎಂದೆ.

ಅಪ್ಪ ಸ್ಟೂಲಿನ ಮೇಲಿದ್ದ ಕಾಲನ್ನು ಸವರಿಕೊಂಡರು. "ಇದು ಹೇಗಾಯ್ತು ಗೊತ್ತಲ್ಲ?"

ಗೊತ್ತಿತ್ತು. ನಾನು ತೊಟ್ಟಿಲಲ್ಲಿದ್ದಾಗ, ಗುತ್ತಿಗೆದಾರರ ಕೆಳಗೆ ಗಾರೆ ಕೆಲಸ ಮಾಡುತ್ತಿದ್ದ ಅಪ್ಪನ ಮೇಲೆ ಗೋಡೆ ಬಿದ್ದಿತ್ತು.

"ಗೋಡೆ ಬಿತ್ತು ಅಂತ ಸುದ್ದಿ ಬಂತು. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕಂಟ್ರಾಕ್ಟರ್ ಕಾಗದದಲ್ಲಿ ಜಾಗ ಶಿವಮೊಗ್ಗ ಅಂತಿತ್ತು. ಅಕ್ಕ ಅದನ್ನ ಹಿಡ್ಕೊಂಡು ಶಿವಮೊಗ್ಗದ ಬೀದಿ ಬೀದಿ ತಿರುಗಿದ್ಳು. ನಾನು ಭದ್ರಾವತೀಲಿದ್ದೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂದ್ರು, ಕರ್ಕೊಂಡು ಹೋಗೋಕೆ ನಮ್ಮೋರು ಯಾರೂ ಇಲ್ಲ. ಅಕ್ಕ ಬಂದಿದ್ದು ಮಾರನೇ ದಿನ. ನಿನ್ನೇನೇ ತಂದಿದ್ರೆ ಕಾಲು ನೆಟ್ಟಗಾಗ್ತಿತ್ತು ಅಂದ್ರು ಡಾಕ್ಟ್ರು. ಆಮೇಲೇ ಅವ್ಳು ಕೇಳಿ ಟೆಂಡರ್ ಸೆಕ್ಷನ್‌ಗೆ ಹಾಕಿಸ್ಕೊಂಡಿದ್ದು. ಈ ಕಾಲು ನನಗಿಂತ ಅವ್ಳಿಗೆ ಜಾಸ್ತಿ ನೋಯತ್ತೆ ಮಗಾ."

ಎಷ್ಟು ವರ್ಷ ಅವಳನ್ನು ಆಡಿಕೊಂಡಿದ್ದೆನೆಂದು ನೆನೆದು ನಾಚಿಕೆಯಾಯಿತು, ಅಳುವೂ ಬಂತು.

ಮಾರನೇ ದಿನ ಬೆಳಗ್ಗೆ ಚಪ್ಪಲಿ ಮೆಟ್ಟಿದೆ. ಅಡುಗೆಮನೆಯಿಂದ ಕೂಗು ಬರುವ ಮೊದಲೇ ಹೇಳಿದೆ.

"ಅತ್ತೇ, ಗಾಂಧಿಬಜಾರಿಗೆ ಹೋಗ್ತಿದೀನಿ. ಬಟ್ಟೆ ಅಂಗಡಿ. ಮೆಟ್ಟಿಲು ಹತ್ತಿ ಮೊದಲನೇ ಮಹಡಿ, ಎಡಗಡೆ. ಒಂದು ಗಂಟೆಗೆ ವಾಪಸ್ ಬರ್ತೀನಿ."

ಒಳಗೆ ಸೌಟಿನ ಸದ್ದು ನಿಂತಿತು.

"ಹ್ಞೂಂ, ಬರ್ಕೊಂಡೆ. ಹುಷಾರಾಗಿ ಹೋಗ್ಬಾ" ಎಂದಳು ಅತ್ತೆ.