ನಡೆಯದ ಕಾರ್ಯಕ್ರಮದ ವರದಿ

ಕಾರ್ಯಕ್ರಮ ಶುರುವಾಗುವ ಮೊದಲೇ ಅದರ ವರದಿ ಬರೆದಿಡುವುದು ಅವನ ಕಸುಬಿನ ಶಿಸ್ತು. ಗಾಯಕಿ ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ‘ಇಡೀ ಸಭಾಂಗಣ ಮೂಕವಾಯಿತು’ ಎಂಬ ಸಾಲು ಪತ್ರಿಕೆಯ ಕಚೇರಿ ತಲುಪಿರಬೇಕು. ಸಂಗೀತ ಕಂಪನಿಯ ಪ್ರಚಾರ ನೋಡಿಕೊಳ್ಳುತ್ತಿದ್ದ ಅವನನ್ನು ಆಫೀಸಿನವರೆಲ್ಲ ‘ಡಂಗುರ’ ಎನ್ನುತ್ತಿದ್ದರು. ಈ ಸಲ ಡಂಗುರ, ಆಮಂತ್ರಣ ಕಳಿಸಬೇಕಾದ ದಿನ ವರದಿಯನ್ನೇ ಕಳಿಸಿಬಿಟ್ಟಿದ್ದ. ಇವತ್ತು ಸಂಜೆ ಆಗಬೇಕಾದ ಹಾಡುಗಾರಿಕೆ ‘ನಿನ್ನೆ ಅಮೋಘವಾಗಿ ನಡೆಯಿತು’ ಎಂದು ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಹಲ್ಲುಜ್ಜುತ್ತ ಅದನ್ನು ಓದಿದವನು ನೊರೆಯನ್ನು ನುಂಗಿಬಿಟ್ಟ.

ಮೊದಲ ಫೋನು ಗಾಯಕಿಯದು. “ಏನ್ರೀ, ನಿನ್ನೆ ನಾನು ಹಾಡಿದ್ನಂತೆ? ಹಲ್ಲುನೋವು ಅಂತ ದಿನಪೂರ್ತಿ ಮಲಗಿದ್ದೆ!”

ಎರಡನೆಯದು ಮಾಲೀಕರದು. “ಮುಗಿದುಹೋದ ಕಾರ್ಯಕ್ರಮಕ್ಕೆ ಯಾವ ಪುಣ್ಯಾತ್ಮ ಬರ್ತಾನಯ್ಯಾ? ಸಂಜೆ ಕುರ್ಚಿ ಖಾಲಿ ಇದ್ರೆ ನಾಳೆಯಿಂದ ನೀನೂ ಬರಬೇಡ.”

ಮೆಟ್ಟಿಲಿಳಿಯುವಾಗ ಕೆಳಮನೆಯ ಆಂಟಿ ಅಡ್ಡ ಬಂದರು. “ಎಂಥಾ ಹಾಡಪ್ಪಾ ನಿನ್ನೆ! ಮೂರನೇ ಸಾಲಲ್ಲೇ ಕೂತಿದ್ದೆ. ಕಣ್ಣಲ್ಲಿ ನೀರು ಬಂತು.”

ನಿನ್ನೆ ಸಂಜೆ ಅವರು ನೀರಿನ ಟ್ಯಾಂಕಿನ ವಿಷಯಕ್ಕೆ ಪಕ್ಕದ ಮನೆಯವರ ಮೇಲೆ ಎರಡು ಗಂಟೆ ಕೂಗಾಡಿದ್ದನ್ನು ಅವನೇ ಕೇಳಿದ್ದ. ಆದರೂ ಹೋದ ಜೀವ ಬಂದಂತಾಯಿತು.

“ಇವತ್ತೂ ಇದೆ ಆಂಟಿ! ಜನ ಬಿಡ್ಲಿಲ್ಲ. ಮತ್ತೆ ಇಟ್ಟಿದ್ದೀವಿ.”

ಕ್ಷೌರದಂಗಡಿ, ಬಸ್ ನಿಲ್ದಾಣ, ಬ್ಯಾಂಕಿನ ಸಾಲು ಎಲ್ಲ ಕಡೆ ಅದೇ ಮಾತು ಬಿತ್ತಿಕೊಂಡು ಹೋದ. “ನಿನ್ನೆ ನೀವು ಬಂದಿರ್ಲಿಲ್ವಾ?” ಎಂದರೆ ಸಾಕು, ಇಲ್ಲ ಅನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಸಂಜೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಬಂದರು. ಡಂಗುರ ಬಾಗಿಲ ಬಳಿ ನಿಂತು ಬೆವರು ಒರೆಸಿಕೊಂಡ. ಕೆಲಸ ಉಳಿಯಿತು.

ಗಾಯಕಿ ನಿಜಕ್ಕೂ ಚೆನ್ನಾಗಿ ಹಾಡಿದಳು. ಎರಡನೇ ಹಾಡಿಗೇ ಪಿಸುಮಾತು ಶುರುವಾಯಿತು.

“ಪರವಾಗಿಲ್ಲ. ಆದ್ರೆ ನಿನ್ನೆಯ ಕಳೆ ಇಲ್ಲ.”

“ನಿನ್ನೆ ಮೇಲಿನ ಸ್ವರಕ್ಕೆ ಎಷ್ಟು ಸಲೀಸಾಗಿ ಏರಿದ್ಲು! ಇವತ್ತು ಏದುಸಿರು,” ಎಂದರು ಆಂಟಿ, ನಾಲ್ಕು ಸಾಲಿಗೆ ಕೇಳಿಸುವ ಹಾಗೆ.

ಹಿಂದಿನಿಂದ ಯಾರೋ ಕೂಗಿದರು: “ನಿನ್ನೆ ಹಾಡಿದ ಹಾಗೆ ಹಾಡಮ್ಮಾ!”

ಗಾಯಕಿ ಅರ್ಧಕ್ಕೇ ನಿಲ್ಲಿಸಿದಳು. ಇಡೀ ಸಭಾಂಗಣ ಮೂಕವಾಯಿತು. ಅವಳು ಮೈಕನ್ನು ಕೆಳಗಿಟ್ಟು, ಯಾರನ್ನೂ ನೋಡದೆ, ಹೊರಟುಹೋದಳು.

ಮಾಲೀಕರು ಅವನನ್ನು ಪರದೆಯ ಹಿಂದಕ್ಕೆ ಎಳೆದರು. “ಬೆಳಿಗ್ಗೆ ಪತ್ರಿಕೆಯ ತಪ್ಪು ಅಂದ್ಕೊಂಡಿದ್ದೆ. ಅವಳ ಹೆಸರಲ್ಲಿ ನಿನ್ನೆ ಇಲ್ಲಿ ಹಾಡಿದ್ದು ಯಾರು?”

“ಯಾರೂ ಇಲ್ಲ ಸಾರ್. ತಪ್ಪಾಯ್ತು. ಆ ವರದಿ ನಾನೇ ಮುಂಚೆ ಬರೆದಿಟ್ಟಿದ್ದು.”

“ನೀನಾ?” ಮಾಲೀಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಾಲ್ಕು ವರ್ಷದಿಂದ ನಿನ್ನ ಬರಹ ಓದ್ತಿದ್ದೀನಪ್ಪಾ. ಆ ವರದಿ ನಿನ್ನ ಕೈಲಾಗೋದಲ್ಲ, ಕಣ್ಣಾರೆ ಕಂಡವನು ಬರೆದದ್ದು. ಮುನ್ನೂರು ಜನ ಕೇಳಿದ್ದೀವಿ ಅಂತಿದ್ದಾರೆ, ಅವರೆಲ್ಲ ಸುಳ್ಳರಾ?”

“ಹೌದು ಸಾರ್!”

“ಬಾಯ್ಮುಚ್ಚು. ಇವಳನ್ನು ಕಂಪನಿಯಿಂದ ತೆಗೆದಾಯ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ, ನಿನ್ನೆ ಹಾಡಿದವಳು ನನ್ನ ಮುಂದೆ ಕೂತಿರಬೇಕು. ಅವಳು ಬಂದ್ರೆ ನಿನ್ನ ಕೆಲಸ ಇದೆ.”