ಲಿಫ್ಟಿನಲ್ಲಿ ಹುಟ್ಟಿದ ಪುರಾತನ ವಿದ್ಯೆ

ಸುಳ್ಳು ಕಂಡರೆ ನನಗಾಗದು. ಅದರಲ್ಲೂ ಅಚ್ಚಾದ ಸುಳ್ಳು ಕಂಡರೆ ಮೈಯೆಲ್ಲ ಉರಿಯುತ್ತದೆ! ಇಪ್ಪತ್ತೆರಡು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿರುವವನು ನಾನು. ಇಸವಿ ತಪ್ಪಿರಲಿ, ಹಿಂದಿನ ಪುಟದಲ್ಲಿ ಸತ್ತವನು ಮುಂದಿನ ಪುಟದಲ್ಲಿ ಎದ್ದು ಕೂತಿರಲಿ, ನನ್ನ ಕೆಂಪು ಪೆನ್ನಿನಿಂದ ತಪ್ಪಿಸಿಕೊಂಡದ್ದೇ ಇಲ್ಲ. ಅಂಥವನ ಊಟದ ಮೇಜಿನ ಮೇಲೆಯೇ ಸುಳ್ಳಿನ ಕಂತೆಯೊಂದು ಬಂದು ಕೂತರೆ ಬಿಡುವುದುಂಟೇ? ಅದರ ಬಣ್ಣ ಬಯಲು ಮಾಡಿಯೇ ತೀರುತ್ತೇನೆಂದು ಶಪಥ ಮಾಡಿದೆ.

ಕಂತೆ ತಂದವಳು ನನ್ನ ಹೆಂಡತಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ನಾಲ್ಕು ತಿಂಗಳ ಹಿಂದೆ, ಸಂಜೆ ಬಸ್ ಇಳಿದು ಮನೆಗೆ ಬರುವ ಗಲ್ಲಿಯಲ್ಲಿ ಯಾರೋ ಒಬ್ಬ ಹಿಂದಿನಿಂದ ಅವಳನ್ನು ಹಿಡಿದು ಚೀಲಕ್ಕೆ ಕೈ ಹಾಕಿದ್ದ. ಯಾವುದೋ ಸ್ಕೂಟರ್ ಬಂದದ್ದರಿಂದ ಓಡಿಹೋದ. ಚೀಲ ಉಳಿಯಿತು, ಅವಳ ಧೈರ್ಯ ಹೋಯಿತು. "ಕೂಗೋಕೂ ಆಗಲಿಲ್ಲ ರೀ, ಕಂಬದ ಹಾಗೆ ನಿಂತುಬಿಟ್ಟೆ" ಎಂದು ಅದನ್ನೇ ಹೇಳುತ್ತಿದ್ದಳು. ಆಮೇಲೆ ಆ ಗಲ್ಲಿಯನ್ನೇ ಬಿಟ್ಟು ದೊಡ್ಡ ರಸ್ತೆ ಸುತ್ತಿಕೊಂಡು ಬರತೊಡಗಿದಳು. ಹಾಗೆ ಸುತ್ತುವಾಗ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ 'ಸಪ್ತಕವಚ ಆತ್ಮರಕ್ಷಣಾ ಪದ್ಧತಿ' ಎಂಬ ಬೋರ್ಡು ಕಣ್ಣಿಗೆ ಬಿದ್ದು, ಸೇರಿಯೇಬಿಟ್ಟಳು.

ಸೇರಿದ್ದಕ್ಕೆ ನನ್ನ ತಕರಾರಿರಲಿಲ್ಲ. ತಕರಾರಿದ್ದದ್ದು ಅವರು ಕೊಟ್ಟ ಪುಸ್ತಿಕೆಯ ಮೇಲೆ! "ಎರಡೂವರೆ ಸಾವಿರ ವರ್ಷಗಳ ಹಿಂದೆ, ಹಿಮ ಮುಸುಕಿದ ಬೆಟ್ಟದ ಮೇಲೆ, ಕೊಕ್ಕರೆಗೂ ಹಾವಿಗೂ ನಡೆದ ಕಾಳಗವನ್ನು ಕಂಡು ಏಳು ಸನ್ಯಾಸಿಗಳು ಈ ವಿದ್ಯೆಯನ್ನು ರೂಪಿಸಿದರು" ಅಂತೆ!

"ಹಿಮದ ಬೆಟ್ಟದಲ್ಲಿ ಕೊಕ್ಕರೆಗೇನೇ ಕೆಲಸ?" ಎಂದೆ.

"ದಾರಿ ತಪ್ಪಿ ಬಂದಿರಬೇಕು. ಊಟ ಮಾಡಿ."

"ಇಲ್ಲಿ ನೋಡು, ಒಂಬತ್ತನೇ ಪಟ್ಟು. ಲಿಫ್ಟಿನಲ್ಲಿ ಹಿಂದಿನಿಂದ ಹಿಡಿದವನಿಂದ ಬಿಡಿಸಿಕೊಳ್ಳುವುದು! ಎರಡೂವರೆ ಸಾವಿರ ವರ್ಷದ ಹಿಂದೆ ಲಿಫ್ಟ್ ಎಲ್ಲಿತ್ತು? ಸನ್ಯಾಸಿಗಳು ಧ್ಯಾನಕ್ಕೆ ಏಳನೇ ಮಹಡಿಗೆ ಹೋಗ್ತಿದ್ರಾ?"

"ಲಿಫ್ಟ್ ಯಾವಾಗ ಬಂತು ಅನ್ನೋದು ನನಗೆ ಬೇಡ. ಬಿಡಿಸಿಕೊಳ್ಳೋದು ಹೇಗೆ ಅನ್ನೋದು ಬೇಕು. ಎಲ್ಲದರ ಮೂಲ ಕೆದಕೋದು ನಿಮಗೊಂದು ವ್ಯಾಧಿ ಕಣ್ರೀ!"

"ಮೂಲವ್ಯಾಧಿ ಅಂತಲೇ ಇಟ್ಟುಕೋ! ನಿಜ ಹೊರಗೆ ಬರಲೇಬೇಕು."

ಆ ಭಾನುವಾರ ಮನೆಯವರಿಗೂ ತರಗತಿ ನೋಡಲು ಕರೆಯಿತ್ತು. ಪುಸ್ತಿಕೆಗೆ ಮೂವತ್ತೊಂದು ಕಡೆ ಕೆಂಪು ಗುರುತು ಹಾಕಿ ಜೇಬಿನಲ್ಲಿಟ್ಟುಕೊಂಡು, ದಂಡಯಾತ್ರೆಗೆ ಹೊರಟ ಚಕ್ರವರ್ತಿಯಂತೆ ಮೆಟ್ಟಿಲು ಹತ್ತಿದೆ. "ಅಲ್ಲಿ ಬಾಯಿ ಬಿಡಬೇಡಿ" ಎಂದು ಹೆಂಡತಿ ಮೂರು ಮೆಟ್ಟಿಲಿಗೊಮ್ಮೆ ಹೇಳಿದಳು.

ನೆಲಕ್ಕೆ ನೀಲಿ ಚಾಪೆ, ಗೋಡೆಗೆ ಕನ್ನಡಿ. ಮೇಷ್ಟ್ರು ಸಣಕಲು ಮನುಷ್ಯ, ಕೊರಳಲ್ಲಿ ಸೀಟಿ. ಬಾಗಿಲ ಬಳಿ ಕನ್ನಡಕದ ಹಿರಿಯ ಹೆಂಗಸೊಬ್ಬರು ಹರಿದ ಚಾಪೆಗೆ ಹೊಲಿಗೆ ಹಾಕುತ್ತಾ ಹಾಜರಿ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರ ಅಕ್ಕನಂತೆ.

"ಯಾರಿಗಾದರೂ ಏನಾದರೂ ಕೇಳೋದಿದೆಯಾ?" ಎಂದರು ಮೇಷ್ಟ್ರು. ಪಾಪ, ಕೇಳಬಾರದಿತ್ತು.

ನಾನು ಎದ್ದೆ. "ಆ ಬೆಟ್ಟದ ಹೆಸರೇನು?"

"ಅದು... ರಹಸ್ಯ ಸರ್."

"ಸನ್ಯಾಸಿಗಳ ಹೆಸರು?"

"ಅದೂ ರಹಸ್ಯ."

"ನಿಮ್ಮ ಗುರುಗಳು ಮೂರನೇ ಪುಟದಲ್ಲಿ ತೀರಿಕೊಂಡಿದ್ದಾರೆ. ನಾಲ್ಕನೇ ಪುಟದಲ್ಲಿ ನಿಮಗೆ ಪ್ರಮಾಣಪತ್ರ ಕೊಡ್ತಿದ್ದಾರೆ. ಅದೂ ರಹಸ್ಯವೇ?"

ಸಭೆ ಗೊಳ್ಳೆಂದಿತು. ಮೇಷ್ಟ್ರ ಮುಖ ಬಿಳುಚಿತು. ನಾನು ಹೆಮ್ಮೆಯಿಂದ ಸುತ್ತ ನೋಡಿದೆ. ನಗು ನಿಂತಮೇಲೆ ಹಿಂದಿನ ಸಾಲಿನಲ್ಲಿ ಒಬ್ಬಳು, "ಹಾಗಾದ್ರೆ ಇದೆಲ್ಲ ಬೋಗಸ್ಸಾ?" ಎಂದಳು. ಇಬ್ಬರು ಚೀಲ ಎತ್ತಿಕೊಂಡರು. ಇನ್ನೊಬ್ಬಳು ಚಪ್ಪಲಿ ಹುಡುಕತೊಡಗಿದಳು. ನನ್ನ ಹೆಂಡತಿ ಮಾತ್ರ ಅಲುಗಾಡದೆ ನನ್ನನ್ನೇ ನೋಡುತ್ತಿದ್ದಳು. ಗಲ್ಲಿಯಲ್ಲಿ ಹೀಗೇ ನಿಂತಿದ್ದಳೇನೋ ಎನಿಸಿತು.

ಆಗ ಅಕ್ಕ ಸೂಜಿ ಕೆಳಗಿಟ್ಟು ಎದ್ದರು. "ಸರ್ ಕೇಳಿದ್ದು ಸರಿಯಾಗೇ ಇದೆ. ಸನ್ಯಾಸಿಗಳು ಇರಲಿಲ್ಲ. ನಾನಿದ್ದೆ."

ಎಲ್ಲರೂ ಅವರತ್ತ ತಿರುಗಿದರು.

"ನಾನು ಹದಿನೇಳು ವರ್ಷ ಲಿಫ್ಟ್ ಆಪರೇಟರ್ ಆಗಿದ್ದೆ. ಐದನೇ ಮಹಡಿಯ ದೊಡ್ಡ ಸಾಹೇಬರೊಬ್ಬರು ಲಿಫ್ಟ್ ಖಾಲಿ ಇದ್ದಾಗಲೇ ಹತ್ತೋರು. ಒಂದು ಮಧ್ಯಾಹ್ನ ಹಿಂದಿನಿಂದ ಹಿಡಿದರು. ನನ್ನ ಹತ್ತಿರ ಇದ್ದದ್ದು ಹಿಮ್ಮಡಿ, ಮೊಣಕೈ, ಬೀಗದ ಕೈ ಗೊಂಚಲು. ಮೂರನ್ನೂ ಉಪಯೋಗಿಸಿದೆ. ಕೆಳಗೆ ಬಾಗಿಲು ತೆಗೆದಾಗ ಸಾಹೇಬರು ತೆವಳಿಕೊಂಡು ಹೊರಗೆ ಹೋದರು. ಮನೆಗೆ ಬಂದು ನಡುಗ್ತಾ ತಮ್ಮನಿಗೆ ಹೇಳಿದೆ. ಇಬ್ಬರೂ ಅಡುಗೆಮನೆಯಲ್ಲಿ ಕುರ್ಚಿ ಸರಿಸಿ ಮಿಕ್ಕ ಪಟ್ಟುಗಳನ್ನ ಒಂದೊಂದಾಗಿ ಕಂಡುಕೊಂಡ್ವಿ."

"ಮತ್ತೆ ಈ ಕೊಕ್ಕರೆ, ಹಾವು?"

"'ಲಿಫ್ಟ್ ಆಪರೇಟರ್ ಕಲಿಸೋ ವಿದ್ಯೆ' ಅಂತ ಬೋರ್ಡ್ ಹಾಕಿದಾಗ ಮೂವರು ಬಂದ್ರು. ಸನ್ಯಾಸಿಗಳನ್ನ ಕರೆಸಿದ ಮೇಲೆ ನಲವತ್ತು ಜನ ಬಂದ್ರು. ನೀವೇ ಹೇಳಿ ಸರ್, ನಾವೇನು ಮಾಡಬೇಕಿತ್ತು?"

ಇಲ್ಲಿಗೆ ಸುಮ್ಮನೆ ಕೂತಿದ್ದರೆ ನಾನು ಮನುಷ್ಯನಾಗಿ ಮನೆ ಸೇರುತ್ತಿದ್ದೆ. ಆದರೆ ಕರಡು ತಿದ್ದುವವನ ಹುಳುಕು ಬುದ್ಧಿ ನೋಡಿ! "ಇದಕ್ಕಾದರೂ ಪುರಾವೆ ಏನು?" ಎಂದುಬಿಟ್ಟೆ. ಅಷ್ಟಾದರೂ ನಾನು ಪಟ್ಟು ಬಿಡಲಿಲ್ಲ. ನನ್ನ ಹೆಂಡತಿ ಪಟ್ಟು ಹಾಕಿದಳು.

ಚಾಪೆಯ ನಡುವೆ ಬಂದು ನನಗೆ ಬೆನ್ನು ಮಾಡಿ ನಿಂತಳು. "ಹಿಡೀರಿ."

"ಮನೆಗೆ ಹೋಗಿ ಮಾತಾಡೋಣ ಕಣೆ..."

"ಹಿಡೀರಿ ಅಂದೆ. ಹಾಗಲ್ಲ, ಗಟ್ಟಿಯಾಗಿ. ಅವನು ಹಿಡಿದ ಹಾಗೆ."

ಹಿಡಿದೆ. ಅವಳ ಮೈ ನಡುಗುತ್ತಿತ್ತು. ಬಿಟ್ಟುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ನನ್ನ ಪಾದದ ಮೇಲೆ ಹಿಮ್ಮಡಿ ಬಿತ್ತು, ಪಕ್ಕೆಗೆ ಮೊಣಕೈ ಬಂತು, ಭೂಮಿ ಎಲ್ಲಿಗೋ ಹೋಯಿತು! ಕಣ್ಣು ಬಿಟ್ಟಾಗ ಮೇಲೆ ಫ್ಯಾನು ತಿರುಗುತ್ತಿತ್ತು. ಫ್ಯಾನಿನ ಸುತ್ತ ನಾನೂ ತಿರುಗುತ್ತಿದ್ದೆ. ಕೆಳಗಿನ ಅಂಗಡಿಯವನು, "ಮೇಲೆ ಯಾವ ಟೈರ್ ಒಡೀತು?" ಎಂದು ಕೂಗಿದ.

"ಪೆಟ್ಟಾಯ್ತಾ ರೀ?" ಎಂದು ಅವಳು ಓಡಿ ಬಂದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಆಯ್ತು ರೀ! ನನ್ನ ಕೈಲಾಯ್ತು!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ನನ್ನ ಸೊಂಟದಲ್ಲಿ ಏನೋ 'ಕಟಕ್' ಎಂದದ್ದು ಆಗಲೇ. ಎತ್ತಿದ್ದ ಚೀಲಗಳೆಲ್ಲ ಕೆಳಗಿಳಿದವು, ಚಪ್ಪಾಳೆಯೋ ಚಪ್ಪಾಳೆ. ಅಕ್ಕ ನನ್ನ ಪಕ್ಕ ಬಗ್ಗಿ ವಿನಯದಿಂದ ಕೇಳಿದರು: "ಪುರಾವೆ ಸಾಕಾ ಸರ್?"

ಡಾಕ್ಟರು ಸೊಂಟಕ್ಕೆ ಅಗಲವಾದ ಬೆಲ್ಟ್ ಬಿಗಿದು ಮೂರು ವಾರ ಬಗ್ಗಬೇಡಿ ಎಂದರು. ಮಾರನೇ ದಿನ ಹೆಂಡತಿ ಕೆಲಸದಿಂದ ಹತ್ತು ನಿಮಿಷ ಮೊದಲೇ ಮನೆಗೆ ಬಂದಳು. "ಇಷ್ಟು ಬೇಗ?" ಎಂದೆ. "ಗಲ್ಲಿಯಲ್ಲೇ ಬಂದೆ" ಎಂದು ಕೈಕಾಲು ತೊಳೆಯಲು ಹೋದಳು. ನೋವಿನಲ್ಲೂ ನನಗೆ ಹಾಯೆನಿಸಿತು.

ಆದರೆ ಮುದ್ರಣಾಲಯಕ್ಕೆ ಹೋಗಬೇಕಲ್ಲ! ಬೈಂಡಿಂಗ್ ವಿಭಾಗದವನು ಬೆಲ್ಟ್ ನೋಡಿ, "ಏನಾಯ್ತು ಸಾರ್?" ಎಂದ. ಹೆಂಡತಿ ಕೆಡವಿದಳು ಅನ್ನುವುದೇ? "ಒಬ್ಬ ಕಳ್ಳನ ಜೊತೆ ಸ್ವಲ್ಪ ಜಟಾಪಟಿ" ಎಂದೆ. ಚಹಾದ ಹೊತ್ತಿಗೆ ಕಳ್ಳರು ಇಬ್ಬರಾದರು. ಸಂಜೆ ಮ್ಯಾನೇಜರರು ಖುದ್ದು ವಿಚಾರಿಸಿದಾಗ ನಾಲ್ವರಾಗಿ, ಒಬ್ಬನ ಕೈಗೆ ಚಾಕುವೂ ಬಂದಿತ್ತು. ಹೇಗೆ ಬಂತೋ ನಾ ಕಾಣೆ!

ಶನಿವಾರ ನನ್ನನ್ನು ಡಾಕ್ಟರ ಬಳಿ ಕರೆದೊಯ್ಯಲು ಹೆಂಡತಿ ಮುದ್ರಣಾಲಯಕ್ಕೇ ಬಂದಳು. ಮ್ಯಾನೇಜರರು ಎದ್ದು ಬಂದರು. "ಬನ್ನಿ ಅಮ್ಮಾ! ನಿಮ್ಮ ಯಜಮಾನರು ಒಬ್ಬರೇ ನಾಲ್ವರನ್ನ ಎದುರಿಸಿದರಂತೆ. ನಮಗೆಲ್ಲ ಹೆಮ್ಮೆ!"

ಕೆಲಸದವರೆಲ್ಲ ಸುತ್ತ ನೆರೆದರು. ಹೆಂಡತಿ ನನ್ನನ್ನು ನೋಡಿದಳು. ನಾನು ಕಣ್ಣಲ್ಲೇ ಕೈಮುಗಿದೆ.

"ಹೌದು ಸಾರ್, ನಾನೂ ಅಲ್ಲೇ ಇದ್ದೆ" ಎಂದಳು. ಹೋದ ಜೀವ ಬಂದಂತಾಯಿತು.

"ಆ ನಾಲ್ವರಲ್ಲಿ ಒಬ್ಬಳು ನಾನೇ. ಮಿಕ್ಕ ಮೂವರನ್ನ ನಾನೂ ಇನ್ನೂ ನೋಡಿಲ್ಲ!"